ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೇ?

‘ಮನೋರೋಗಕ್ಕೆ ನಿಮ್ಹಾನ್ಸೇ ಗತಿ, ಊರಿನ ಡಾಕ್ಟರಿಗೆ ಅದೆಲ್ಲ ತಿಳಿಯದು’ ಎಂಬ ಮಾತು ನಮ್ಮ ಕಿವಿಗೂ ಬೀಳುತ್ತಿರುತ್ತದೆ. ಇದು ತಪ್ಪು. ತಪ್ಪೆಂದು ತೋರಿಸಿಕೊಟ್ಟದ್ದೂ ನಿಮ್ಹಾನ್ಸೇ!

1970ರ ದಶಕದಲ್ಲಿ ಅಲ್ಲಿನ ತಜ್ಞರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಕೆಲಸ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ರೂಪಿಸಿದರು. ಮೂರ್ಛೆರೋಗ, ತೀವ್ರ ಮನೋರೋಗ ಗುರುತಿಸುವುದು, ಕೆಲವೇ ಬಗೆಯ ಮಾತ್ರೆ ಕೊಡುವುದು, ಮಾತ್ರೆ ಬಿಟ್ಟವರ ಮನೆಗೆ ಹೋಗಿ ವಿಚಾರಿಸುವುದು. ನಮ್ಮ ಪ್ರಕಾರ ಈ ಕೊನೆಯದೇ ದೊಡ್ಡ ಚಿಕಿತ್ಸೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಕ್ರಮ ನಡೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಮನೆಯಲ್ಲಿ ಯಾರಿಗಾದರೂ ತೊಂದರೆ ಕಂಡರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡುವವರನ್ನು ಮಾತ್ರ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.