ಎಲೆಯಂಚಿಗೆ ಮನಸೋತವರು

1936ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಊರಿನ ನರ್ಸರಿಯೊಂದರಲ್ಲಿ, ಎಲೆಯ ಚೆಲುವಿಗಾಗಿ ಬೆಳೆಸುವ ಹೋಸ್ಟಾ ಸಸಿಗಳು ಸಾಲಾಗಿ ಬೆಳೆದಿದ್ದವು. ಎಲ್ಲವೂ ನೀಲಿ ಬೆರೆತ ಹಸಿರು ಎಲೆಯವು. ಒಂದೇ ಒಂದು ಸಸಿಯ ಎಲೆಗೆ ಮಾತ್ರ ಹಳದಿ ಅಂಚು. ಮ್ಯಾಸಚೂಸೆಟ್ಸ್‌ನ ವಿಂಚೆಸ್ಟರ್‌ನಿಂದ ಬಂದಿದ್ದ ಫ್ರಾನ್ಸಿಸ್ ವಿಲಿಯಮ್ಸ್ ಅವರ ಕಣ್ಣು ಅದರ ಮೇಲೆ ಬಿತ್ತು. ಅದನ್ನು ಕೊಂಡು ತಂದು ತಮ್ಮ ತೋಟದಲ್ಲಿ ನೆಟ್ಟರು. ಗಿಡ ನಿಧಾನವಾಗಿ ಹಿಂಡುಗಟ್ಟಿತು. ಬುಡ ಬಿಡಿಸಿದ ಗಿಡಗಳು ಬೇರೆಯವರ ತೋಟ ಸೇರಿದವು, ಸಾಗರ ದಾಟಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಸ್ಯೋದ್ಯಾನಕ್ಕೂ ಹೋದವು. ಅಲ್ಲಿನ ಜಾರ್ಜ್ ರಾಬಿನ್ಸನ್ ಆ ಗಿಡಕ್ಕೆ ಅವರ ಹೆಸರನ್ನೇ ಇಟ್ಟರು. ಮುಂದೆ ಅಮೆರಿಕದ ಹೋಸ್ಟಾ ಪ್ರಿಯರು ತಮ್ಮ ಮೆಚ್ಚಿನ ತಳಿ ಯಾವುದೆಂದು ಮತ ಹಾಕಿದಾಗಲೆಲ್ಲ ಹಲವು ವರ್ಷ ‘ಫ್ರಾನ್ಸಿಸ್ ವಿಲಿಯಮ್ಸ್’ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ.

ಹೋಸ್ಟಾದ ಚರಿತ್ರೆಯುದ್ದಕ್ಕೂ ಇಂಥ ಕಣ್ಣುಗಳೇ ಸಿಗುತ್ತವೆ. ಸಾವಿರ ಎಲೆಗಳ ನಡುವೆ ಬೇರೆಯಾಗಿ ಕಂಡ ಒಂದನ್ನು ಯಾರೋ ಗುರುತಿಸಿದರು, ಕಿತ್ತೆಸೆಯದೆ ಉಳಿಸಿಕೊಂಡರು. ಇವತ್ತು ಕೈತೋಟದವರು ಮೆಚ್ಚುವ ಹೆಚ್ಚಿನ ತಳಿಗಳು ಹುಟ್ಟಿದ್ದು ಹೀಗೆಯೇ.

ಮೂಲದಲ್ಲಿ ಇದು ಜಪಾನ್, ಕೊರಿಯಾ, ಚೀನಾಗಳ ಕಾಡಂಚಿನ, ತೊರೆ ದಂಡೆಯ, ಬಂಡೆ ಸಂದುಗಳ ಗಿಡ. ಸಸ್ಯಕುಟುಂಬದ ಲೆಕ್ಕದಲ್ಲಿ ನಮ್ಮ ಶತಾವರಿ, ಕತ್ತಾಳೆ, ಸುಗಂಧರಾಜಗಳಿಗೆ ನೆಂಟ. ವಸಂತದಲ್ಲಿ ಸುರುಳಿ ಸುತ್ತಿದ ಮೊಳಕೆಗಳು ನೆಲದಿಂದ ಎದ್ದು ಒಂದೊಂದೇ ಎಲೆ ಬಿಚ್ಚುತ್ತವೆ. ಹಿಮ ಬೀಳುವ ಹೊತ್ತಿಗೆ ಮೇಲಿನದೆಲ್ಲ ಬಾಡಿ ಮಣ್ಣಾಗುತ್ತದೆ, ಬುಡ ಮಾತ್ರ ನೆಲದೊಳಗೆ ಉಳಿಯುತ್ತದೆ. ಚಳಿಗಾಲದ ಆ ವಿಶ್ರಾಂತಿ ಗಿಡಕ್ಕೆ ಬೇಕೇ ಬೇಕು. ಕೆಲವು ವಾರವಾದರೂ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸಿಗದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಹೀಗಾಗಿ ಬೆಂಗಳೂರು, ಮೈಸೂರುಗಳಲ್ಲಿ ಎಲೆಯ ಚೆಲುವಿಗಾಗಿ ಕ್ರೋಟನ್, ಕ್ಯಾಲೇಡಿಯಂ ಬೆಳೆಸುವವರಿಗೆ ಹೋಸ್ಟಾ ಒಲಿಯುವುದು ಕಷ್ಟ. ನೆಲ ಹೆಪ್ಪುಗಟ್ಟುವ ಅಮೆರಿಕದ ಮಿನ್ನೆಸೋಟಾ, ಮಿಷಿಗನ್‌ಗಳಲ್ಲಿ ಮಾತ್ರ ಮನೆಯ ಮರದಡಿಯ ಜಾಗ ತುಂಬಲು ಮೊದಲು ನೆನಪಾಗುವುದು ಇದೇ.

ಜಪಾನಿನಲ್ಲಿ ಇದನ್ನು ಗಿಬೋಶಿ ಎನ್ನುತ್ತಾರೆ. ಹಳೆಯ ಸೇತುವೆಗಳ ಕಟಕಟೆಯ ಕಂಬದ ತುದಿಗೆ ಕೂರಿಸುವ ಮೊಗ್ಗಿನಾಕಾರದ ಲೋಹದ ಕಳಶಕ್ಕೂ ಅದೇ ಹೆಸರು. ಬೆಟ್ಟದ ಊರುಗಳಲ್ಲಿ ಇದು ಅಡುಗೆಮನೆಯ ಸೊಪ್ಪೂ ಹೌದು. ಎಳೆಯ ಚಿಗುರನ್ನು ‘ಉರುಯಿ’ ಎಂದು ಕರೆದು ಬೇಯಿಸಿ ತಿನ್ನುತ್ತಾರೆ. ಉತ್ತರದ ಯಾಮಗಾತಾ ಪ್ರಾಂತದಲ್ಲಿ ಅದನ್ನು ಬೆಳೆಯಾಗಿಯೇ ಬೆಳೆದು ಮಾರುತ್ತಾರೆ. ಕೊರಿಯಾದವರು ಇದನ್ನೇ ಬಿಬಿಚು ಎಂದು ಕರೆದು ಪಲ್ಯ ಮಾಡುತ್ತಾರೆ.

ಎಲೆಯನ್ನು ನೋಡುವುದಕ್ಕೆಂದೇ ಬೆಳೆಸುವ ಹುಚ್ಚು ಹತ್ತಿದ್ದು ಎದೋ ಕಾಲದಲ್ಲಿ. ಇಂದಿನ ಟೋಕಿಯೋ ಆಗ ಎದೋ. ಯುದ್ಧಗಳಿಲ್ಲದ ಆ ದೀರ್ಘ ಶಾಂತಿಯಲ್ಲಿ ಸಮುರಾಯಿಗಳು, ವರ್ತಕರು, ಸಸಿ ಮಾರುವವರು ಎಲ್ಲರೂ ಬಿಳಿ ಪಟ್ಟೆ, ಹಳದಿ ಚುಕ್ಕೆ, ತಿರುಚಿದ ಅಂಚಿನ ಎಲೆಗಳನ್ನು ಹುಡುಕಿ ಕುಂಡಗಳಲ್ಲಿ ಕೂಡಿಹಾಕಿದರು. 1827ರಲ್ಲಿ ‘ಸೋಮೊಕು ಕಿಹಿನ್ ಕಾಗಾಮಿ’ ಎಂಬ ಸಚಿತ್ರ ಗ್ರಂಥ ಬಂತು. ಎರಡೇ ವರ್ಷದಲ್ಲಿ ಮಿಝುನೊ ಎಂಬ ಸಮುರಾಯಿ ‘ಸೋಮೊಕು ಕಿನ್ಯೋಶು’ ಹೊರತಂದ. ಎರಡೂ ಬಣ್ಣಬಣ್ಣದ ಎಲೆಯ ಗಿಡಗಳಿಗೆಂದೇ ಮೀಸಲಾದ ಪುಸ್ತಕಗಳು. ಯುರೋಪು ಇನ್ನೂ ಹೂವಿನ ಮೋಹದಲ್ಲಿದ್ದಾಗ ಎದೋದ ಜನ ಎಲೆಯ ಒಂದೊಂದು ಗೆರೆಯನ್ನೂ ಮರದಚ್ಚಿನಲ್ಲಿ ಮುದ್ರಿಸಿ ಮನೆಯಲ್ಲಿಟ್ಟುಕೊಂಡಿದ್ದರು.

ಈ ಸಿರಿ ಹೊರಜಗತ್ತಿಗೆ ಹೋಗಲು ಇದ್ದ ದಾರಿ ತುಂಬ ಕಿರಿದು. ನಾಗಸಾಕಿಯ ಬಂದರಿನಲ್ಲಿ ಕಡಲಿಗೆ ಮಣ್ಣು ತುಂಬಿ ಮಾಡಿದ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಡಚ್ ವರ್ತಕರಿಗೆ ಮಾತ್ರ ಇರಲು ಅಪ್ಪಣೆಯಿತ್ತು. ಅವರ ವೈದ್ಯರಾಗಿ ಬಂದವರೇ ಗಿಡಗಳ ಲೆಕ್ಕ ಬರೆದರು. 1690ರಲ್ಲಿ ಬಂದ ಎಂಗೆಲ್ಬರ್ಟ್ ಕೆಂಪ್ಫರ್ ಹೋಸ್ಟಾವನ್ನು ವರ್ಣಿಸಿ 1712ರಲ್ಲಿ ಅಚ್ಚು ಹಾಕಿಸಿದ. 1775ರಲ್ಲಿ ಬಂದ, ಸಸ್ಯಶಾಸ್ತ್ರಿ ಲಿನೇಯಸ್‌ನ ಶಿಷ್ಯ ಥುನ್‌ಬರ್ಗ್ ಅದಕ್ಕೆ ಲ್ಯಾಟಿನ್ ಹೆಸರು ಕೊಟ್ಟ. ಆದರೂ ಯುರೋಪಿಗೆ ಮೊದಲು ಜೀವಂತವಾಗಿ ತಲುಪಿದ್ದು ಚೀನಾದ ಹೋಸ್ಟಾ. ಸಂಜೆ ಅರಳಿ ಸುವಾಸನೆ ಬೀರುವ ಬಿಳಿ ಹೂವಿನ ಆ ಗಿಡದ ಬೀಜಗಳನ್ನು 1780ರ ದಶಕದಲ್ಲಿ ಫ್ರೆಂಚ್ ಅಧಿಕಾರಿ ದ ಗೀನ್ ಪ್ಯಾರಿಸ್ಸಿನ ಸಸ್ಯೋದ್ಯಾನಕ್ಕೆ ಕಳುಹಿಸಿದ. ಚೀನಿಯರು ಅದರ ಮೊಗ್ಗಿನಲ್ಲಿ ಹೆಂಗಸರ ತುರುಬಿನ ಹಸಿರುಶಿಲೆಯ ಪಿನ್ನನ್ನು ಕಂಡು ಯುಜಾನ್ ಎಂದು ಕರೆದಿದ್ದರು.

ಗಿಡಗಳ ದೊಡ್ಡ ಪೆಟ್ಟಿಗೆಗಳು ಹೊರಟಿದ್ದು ಫಿಲಿಪ್ ಫ್ರಾನ್ಝ್ ಫಾನ್ ಸೀಬೋಲ್ಟ್‌ನಿಂದ. 1823ರಲ್ಲಿ ದೆಜಿಮಾಕ್ಕೆ ಬಂದ ಈ ಜರ್ಮನ್ ವೈದ್ಯ ರೋಗಿಗಳಿಗೆ ಔಷಧ ಕೊಡುತ್ತ, ಜಪಾನೀ ಶಿಷ್ಯರಿಗೆ ವೈದ್ಯ ಕಲಿಸುತ್ತ ಗಿಡಗಳನ್ನು ಸಂಗ್ರಹಿಸಿದ. ಹೊರಗೆ ಒಯ್ಯಬಾರದ ನಕ್ಷೆಗಳು ಅವನ ಬಳಿ ಇರುವುದು 1828ರಲ್ಲಿ ಬಯಲಾಯಿತು. ಮರುವರ್ಷ ದೇಶದಿಂದ ಹೊರದೂಡಿದರು. ಗಿಡಗಳು ಮಾತ್ರ ಅವನ ಜೊತೆ ಹೊರಟವು. ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಅವನು ತೆರೆದ ನರ್ಸರಿಯಿಂದ ಜಪಾನಿನ ಹೋಸ್ಟಾಗಳು ಯುರೋಪಿನ ತೋಟಗಳಿಗೆ ಹರಿದವು.

ಆ ಎರಡು ಎದೋ ಗ್ರಂಥಗಳ ವರ್ಷ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಎಲೆಯ ಹುಚ್ಚು ತುತ್ತತುದಿಗೇರಿದ್ದ ಕಾಲದಲ್ಲೇ ಸೀಬೋಲ್ಟ್ ಜಪಾನಿನಲ್ಲಿದ್ದ. ಅವನ ಕೈಗೆ ಸಿಕ್ಕಿದ್ದರಲ್ಲಿ ಎಷ್ಟೋ ಗಿಡಗಳು ಕಾಡಿನವಲ್ಲ, ತೋಟಗಾರರು ತಲೆಮಾರುಗಳಿಂದ ಆರಿಸಿ ಸಾಕಿದವು. ಅಲೆಯಲೆಯಾದ ಬಿಳಿ ನಡುವಿನ ‘ಅಂಡ್ಯುಲೇಟಾ’, ಕಿರಿದಾದ ಎಲೆಯ ‘ಲ್ಯಾನ್ಸಿಫೋಲಿಯಾ’, ದಪ್ಪ ಸುಕ್ಕಿನ ‘ಟೊಕುದಾಮಾ’ ಇವೆಲ್ಲ ಸ್ವತಂತ್ರ ಪ್ರಭೇದಗಳೆಂದು ಸಸ್ಯಶಾಸ್ತ್ರಿಗಳು ಬರೆದಿಟ್ಟರು. 1991ರಲ್ಲಿ ಹೋಸ್ಟಾ ಕುಲದ ಬೃಹತ್ ಗ್ರಂಥ ಪ್ರಕಟಿಸಿದ ಜಾರ್ಜ್ ಷ್ಮಿಡ್ ಇವನ್ನು ತೋಟದ ತಳಿಗಳ ಸಾಲಿಗೆ ಇಳಿಸಿದರು. ಹೆಸರಿಲ್ಲದ ಜಪಾನೀ ತೋಟಗಾರರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಅಷ್ಟು ತಡವಾಗಿ ಸಂದಿತು.

ಯುರೋಪಿನಲ್ಲಿ ಗಿಡಕ್ಕೆ ಎರಡು ಹೆಸರು ನಡೆದವು. ವಿಯೆನ್ನಾದ ವೈದ್ಯ, ಸಸ್ಯಶಾಸ್ತ್ರಿ ಹೋಸ್ಟ್ ಗೌರವಾರ್ಥ 1812ರಲ್ಲಿ ಇಟ್ಟದ್ದು ಹೋಸ್ಟಾ, 1817ರಲ್ಲಿ ಬಂದದ್ದು ಫುಂಕಿಯಾ. 1905ರ ಸಸ್ಯಶಾಸ್ತ್ರ ಸಮ್ಮೇಳನ ಮೊದಲನೆಯದನ್ನು ಖಾಯಂ ಮಾಡಿತು. ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ‘ಫುಂಕಿಯಾ’ವನ್ನು ಕುಂಡಗಳಲ್ಲಿ, ನೆರಳಿನ ಮೂಲೆಗಳಲ್ಲಿ ಇಟ್ಟು ಎಲೆಗೂ ತೋಟದಲ್ಲಿ ಹೂವಿನಷ್ಟೇ ಸ್ಥಾನವಿದೆಯೆಂದು ತೋರಿಸಿದರು. ಅದೇ ಹೊತ್ತಿಗೆ ಜರ್ಮನಿಯ ಗೇಯೋರ್ಗ್ ಆರೆಂಡ್ಸ್ ದೊಡ್ಡ ನೀಲಿ ಎಲೆಯ ‘ಎಲೆಗನ್ಸ್’ ಹೊರತಂದರು. ಅಮೆರಿಕಕ್ಕೆ ಗಿಡ ನೇರವಾಗಿ ತಂದವನು 1862ರಲ್ಲಿ ಸರ್ಕಾರಿ ಕೆಲಸದ ಮೇಲೆ ಜಪಾನಿಗೆ ಹೋದ ಥಾಮಸ್ ಹಾಗ್. ನ್ಯೂಯಾರ್ಕಿನ ನರ್ಸರಿ ಮನೆತನದವನು. ಬಿಳಿ ಅಂಚಿನ ಹೋಸ್ಟಾ ಎಷ್ಟೋ ಕಾಲ ಅವನ ಹೆಸರಲ್ಲೇ ಮಾರಾಟವಾಯಿತು.

ಎಲೆಗೆ ಈ ಬಣ್ಣಗಳು ಬರುವ ಬಗೆ ತಿಳಿದರೆ ಕೈತೋಟದವರ ತವಕ ಅರ್ಥವಾಗುತ್ತದೆ. ನೀಲಿ ಹೋಸ್ಟಾದಲ್ಲಿ ನೀಲಿ ಬಣ್ಣವೇ ಇಲ್ಲ. ದ್ರಾಕ್ಷಿಯ ಮೇಲಿನ ಬೂದಿಯಂಥ ಮೇಣದ ಲೇಪ ಹಸಿರು ಎಲೆಯ ಮೇಲೆ ಕೂತು ಬೆಳಕನ್ನು ಹಾಗೆ ತೋರಿಸುತ್ತದೆ. ಬಿಸಿಲು, ಮಳೆಗೆ ಮೇಣ ಸವೆಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಎಲೆ ಬರೀ ಹಸಿರು. ಆದ್ದರಿಂದ ನೀಲಿ ತಳಿಗೆ ದಟ್ಟ ನೆರಳು ಬೇಕು. ಹಳದಿ ತಳಿಗೆ ಬೆಳಗಿನ ಎಳೆಬಿಸಿಲು ಸಿಕ್ಕರೆ ಬಣ್ಣ ಏರುತ್ತದೆ. ಎರಡು ಬಣ್ಣದ ಎಲೆಗಳ ಕಥೆ ಬೇರೆ. ಗಿಡದ ಬೆಳೆಯುವ ತುದಿಯಲ್ಲಿ ಜೀವಕೋಶಗಳು ಪದರಪದರವಾಗಿ ಇರುತ್ತವೆ. ಒಂದು ಪದರದಲ್ಲಿ ಹಸಿರು ಕಳೆದುಹೋದರೆ ಅಂಚಷ್ಟೇ ಬಿಳಿಯಾಗುತ್ತದೆ, ಇನ್ನೊಂದರಲ್ಲಾದರೆ ನಡುಭಾಗ. ಹೀಗೆ ಒಂದೇ ಬುಡದಲ್ಲಿ ಒಡೆದ ಬೇರೆ ಬಗೆಯ ಮೊಳಕೆಯನ್ನು ಹೋಸ್ಟಾದವರು ‘ಸ್ಪೋರ್ಟ್’ ಎನ್ನುತ್ತಾರೆ. ಚೂರಿಯಿಂದ ಅದನ್ನಷ್ಟೇ ಬಿಡಿಸಿ ನೆಟ್ಟರೆ ಹೊಸ ತಳಿ ಸಿಕ್ಕಂತೆ.

ಇಂಗ್ಲೆಂಡಿನ ಎರಿಕ್ ಸ್ಮಿತ್ ಹಿಡಿದದ್ದು ಬೀಜದ ದಾರಿ. ನೀಲಿ ‘ಎಲೆಗನ್ಸ್’ ಬೇಸಿಗೆಯ ಆರಂಭದಲ್ಲಿ ಹೂಬಿಟ್ಟರೆ ಪುಟ್ಟ ‘ಟಾರ್ಡಿಫ್ಲೋರಾ’ ಹೂಬಿಡುವುದು ಶರತ್ಕಾಲದಲ್ಲಿ. ಎರಡೂ ಒಟ್ಟಿಗೆ ಅರಳುವುದು ಅಪರೂಪ. 1961ರಲ್ಲಿ ಆ ಅಪರೂಪ ಘಟಿಸಿತು. ಸ್ಮಿತ್ ಪರಾಗ ಹಚ್ಚಿದರು. ಅದರ ಸಂತತಿಯಲ್ಲಿ ಬಂದ ‘ಹಾಲ್ಸಿಯನ್’ ಇಂದಿಗೂ ನೀಲಿ ಎಲೆಯ ಪ್ರಿಯರ ಮೊದಲ ಮಾತು: ಎಲೆ ದಪ್ಪ, ಗಿಡ ಚೊಕ್ಕ, ಬಣ್ಣ ಬಾಳಿಕೆಯದು. ಅದರಿಂದ ಸಿಡಿದ ‘ಜೂನ್’ ತಳಿಯ ಎಲೆಯ ನಡುವೆ ಹಳದಿ, ಸುತ್ತ ನೀಲಿ ಹಸಿರು.

1968ರಲ್ಲಿ ಅಮೆರಿಕನ್ ಹೋಸ್ಟಾ ಸೊಸೈಟಿ ಹುಟ್ಟಿತು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಆರ್ಬೊರೇಟಮ್ ತಳಿಗಳ ನೋಂದಣಿ ಕೈಗೆತ್ತಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಕಟ್ಟಿದ ಬಡಾವಣೆಗಳಲ್ಲಿ ಅಂದು ನೆಟ್ಟ ಮರಗಳು ಅಷ್ಟರಲ್ಲಿ ದೊಡ್ಡವಾಗಿ, ಅವುಗಳ ನೆರಳಿನಲ್ಲಿ ಹುಲ್ಲುಹಾಸು ಸೊರಗತೊಡಗಿತ್ತು. ಹೋಸ್ಟಾಕ್ಕೆ ಅದು ಸರಿಯಾದ ಸಮಯ. ನಮ್ಮ ರೈತರಿಗೆ ಬಾಳೆಯಿಂದ ಪರಿಚಯವಿರುವ ಟಿಶ್ಯೂ ಕಲ್ಚರ್ ಬಂದ ಮೇಲಂತೂ ಬುಡ ಬಿಡಿಸಿ ವರ್ಷಗಟ್ಟಲೆ ಕಾಯುವ ಕಷ್ಟ ತಪ್ಪಿತು. ಸಾವಿರಾರು ಸಸಿಗಳ ನಡುವೆ ಹೊಸ ಸ್ಪೋರ್ಟ್‌ಗಳೂ ಹೆಚ್ಚಾಗಿ ಕಾಣತೊಡಗಿದವು.

1996ರಿಂದ ಅಮೆರಿಕದ ಹೋಸ್ಟಾ ಬೆಳೆಗಾರರ ಸಂಘ ಆರಿಸುವ ‘ವರ್ಷದ ಹೋಸ್ಟಾ’ ಪಟ್ಟಿಯಲ್ಲಿ ಜನರ ಅಭಿರುಚಿಯ ಜಾಡು ಸಿಗುತ್ತದೆ. 1997ರಲ್ಲಿ ಅಗಲ ಬಿಳಿ ಅಂಚಿನ ‘ಪೇಟ್ರಿಯಟ್’. 2000ದಲ್ಲಿ ಯಾಮಗಾತಾದ ಊರೊಂದರ ಹೆಸರು ಹೊತ್ತ, ಕೆನೆ ಅಂಚಿನ ‘ಸಗಾಯೆ’. 2001ರಲ್ಲಿ ‘ಜೂನ್’. 2004ರಲ್ಲಿ ‘ಸಮ್ ಅಂಡ್ ಸಬ್‌ಸ್ಟೆನ್ಸ್’: ಹೊಳೆಯುವ ಹಳದಿ ಹಸಿರಿನ ದಪ್ಪ ಎಲೆ, ಪೂರ್ತಿ ಬೆಳೆದ ಬುಡ ಐದಡಿಗೂ ಮೀರಿ ಹರಡುತ್ತದೆ. ದೊಡ್ಡದರ ಮೋಹ ಇಷ್ಟಿದ್ದರೂ 2008ರ ಗೌರವ ಸಿಕ್ಕಿದ್ದು ಗೇಣೆತ್ತರದ ‘ಬ್ಲೂ ಮೌಸ್ ಇಯರ್ಸ್‌’ಗೆ. ಡೆಕರ್ಟ್ ದಂಪತಿ 2000ದಲ್ಲಿ ನೋಂದಾಯಿಸಿದ, ಇಲಿಕಿವಿಯ ಹೆಸರಿನ ಈ ಗುಂಡೆಲೆಯ ಗಿಡ ಕುಂಡದಲ್ಲೂ ಕಲ್ಲಿನ ತೊಟ್ಟಿಯಲ್ಲೂ ಒಗ್ಗಿಕೊಂಡಿತು. ಚಿಕ್ಕ ಅಂಗಳದವರಿಗೂ ಹೋಸ್ಟಾ ಸಂಗ್ರಹ ಸಾಧ್ಯವಾಯಿತು. 2011ರ ‘ಪ್ರೇಯಿಂಗ್ ಹ್ಯಾಂಡ್ಸ್’ ಎಲೆಗಳು ಮಡಚಿಕೊಂಡು ನೆಟ್ಟಗೆ ನಿಲ್ಲುತ್ತವೆ. 2014ರ ‘ಅಬಿಕ್ವಾ ಡ್ರಿಂಕಿಂಗ್ ಗೌರ್ಡ್’ನ ಬಟ್ಟಲೆಲೆಯಲ್ಲಿ ಮಳೆನೀರು ನಿಲ್ಲುತ್ತದೆ.

ಚೆಲುವಿನ ಜೊತೆಗೆ ಗಟ್ಟಿತನವನ್ನೂ ಕೈತೋಟದವರು ಅಳೆಯುತ್ತಾರೆ. ಚಿಪ್ಪಿಲ್ಲದ ಬಸವನಹುಳು ರಾತ್ರಿಯಲ್ಲಿ ಬಂದು ತೆಳುವಾದ ಎಲೆಯನ್ನು ಜರಡಿ ಮಾಡುತ್ತದೆ. ದಪ್ಪ, ಸುಕ್ಕುಗಟ್ಟಿದ ಎಲೆ ಅದಕ್ಕೆ ಬೇಗ ಬಗ್ಗದು. ಜಿಂಕೆಗೆ ಮಾತ್ರ ಯಾವ ತಳಿಯಾದರೂ ಒಂದೇ. ಮತ ಗೆದ್ದ ‘ಫ್ರಾನ್ಸಿಸ್ ವಿಲಿಯಮ್ಸ್’ಗೂ ಒಂದು ಕೊರತೆಯಿದೆ. ಅದರ ಹಳದಿ ಅಂಚು ಬಿಸಿಲಿಗೆ ಕಂದಿ ಒಣಗುತ್ತದೆ. ಅಂಥದೇ ಎಲೆಯ, ಅಂಚು ಸುಡದ ಗಿಡಗಳಿಗಾಗಿ ಹುಡುಕಾಟ ನಡೆದಿದ್ದು ಅದಕ್ಕೇ.

ಹೊಸತನದ ಹಂಬಲ ಒಮ್ಮೆ ದೊಡ್ಡ ಪೆಟ್ಟನ್ನೂ ಕೊಟ್ಟಿತು. ಹಸಿರು ನರಗಳಿಂದ ಶಾಯಿ ಸೋರಿದ ಹಾಗೆ ಬಣ್ಣ ಹರಡಿದ ಎಲೆಗಳು 1990ರ ದಶಕದಲ್ಲಿ ಜನರ ಕಣ್ಣು ಸೆಳೆದವು. ‘ಬ್ರೇಕ್‌ಡ್ಯಾನ್ಸ್’, ‘ಲೆಪರ್ಡ್ ಫ್ರಾಗ್’, ‘ಲೂನಸಿ’ ಎಂಬ ಹೆಸರುಗಳಲ್ಲಿ ಮಾರಾಟವೂ ಆದವು. 1996ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಥ ಎಲೆಗಳಲ್ಲಿ ಹೊಸ ವೈರಸ್ ಒಂದನ್ನು ಪತ್ತೆ ಹಚ್ಚಿದರು. ಮೆಚ್ಚಿ ಕೊಂಡದ್ದು ನಂಜುರೋಗದ ಕಲೆಯನ್ನು. 17ನೇ ಶತಮಾನದ ಹಾಲೆಂಡಿನಲ್ಲಿ ಟುಲಿಪ್ ಹೂವಿನ ಗೀರುಗಳಿಗೂ ವೈರಸ್ಸೇ ಕಾರಣವಾಗಿತ್ತು. ‘ಹೋಸ್ಟಾ ವೈರಸ್ ಎಕ್ಸ್’ ಗಿಡದ ರಸದಿಂದ ಹಬ್ಬುತ್ತದೆ. ಬುಡ ಬಿಡಿಸುವ ಒಂದೇ ಚೂರಿ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಔಷಧಿಯಿಲ್ಲ, ಬೇರುಸಹಿತ ಕಿತ್ತು ನಾಶಮಾಡುವುದೊಂದೇ ದಾರಿ. ಆಮೇಲೆ ಸಂಗ್ರಾಹಕರು ಪ್ರತಿ ಗಿಡಕ್ಕೂ ಚೂರಿಯನ್ನು ಶುದ್ಧಗೊಳಿಸುವುದನ್ನು, ಅನುಮಾನ ಬಂದ ಗಿಡವನ್ನು ಬೇರೆಯಾಗಿಡುವುದನ್ನು ರೂಢಿ ಮಾಡಿಕೊಂಡರು.

ಇಂದು ನೋಂದಣಿಯಾದ ತಳಿಗಳೇ ಹಲವು ಸಾವಿರ. ಹವ್ಯಾಸಿಗಳ ಹೊಸ ಗುರಿ ಕೆಂಪು. ಕೆಲವು ತಳಿಗಳ ತೊಟ್ಟಿನಲ್ಲಿ ಇರುವ ಕೆಂಪನ್ನು ಎಲೆಯ ಹರವಿಗೆ ಏರಿಸುವ ಪ್ರಯತ್ನ ನಡೆದಿದೆ. ಆದರೆ ವಸಂತದಲ್ಲಿ ಕಾಣುವ ಛಾಯೆ ಬೇಸಿಗೆಗೆ ನಿಲ್ಲುತ್ತಿಲ್ಲ. ಹೊರಗೆ ಹಿಮ ಬಿದ್ದಿರುವ ತಿಂಗಳುಗಳಲ್ಲಿ ಅವರು ನೆಲಮಾಳಿಗೆಯ ಟ್ಯೂಬ್‌ಲೈಟಿನಡಿ ತಟ್ಟೆಗಳಲ್ಲಿ ಬೀಜ ಬಿತ್ತುತ್ತಾರೆ. ಎಲೆಗೆ ಎರಡು ಬಣ್ಣ ಕೊಡುವ ಗುಣ ಬಹುಪಾಲು ತಾಯಿಗಿಡದಿಂದಲೇ ಇಳಿಯುವುದರಿಂದ, ಬೀಜಕ್ಕಾಗಿ ಬಿಳಿ ಗೀರುಗಳು ಉದ್ದಕ್ಕೂ ಹರಿದ ಗಿಡಗಳನ್ನೇ ಆರಿಸಿಟ್ಟಿರುತ್ತಾರೆ. ಮೊಳೆತವುಗಳಲ್ಲಿ ಮಾಮೂಲಿ ಹಸಿರಿನವನ್ನು ತೆಗೆದುಹಾಕಿ, ಏನೋ ಬೇರೆಯಾಗಿ ಕಂಡ ಬೆರಳೆಣಿಕೆಯಷ್ಟನ್ನು ವಸಂತದಲ್ಲಿ ತೋಟಕ್ಕಿಳಿಸುತ್ತಾರೆ. ಆ ಎಲೆ ತನ್ನ ನಿಜವಾದ ಆಕಾರ, ಸುಕ್ಕು, ಅಂಚುಗಳನ್ನು ತೋರಿಸಲು ಇನ್ನೂ ನಾಲ್ಕೈದು ವರ್ಷ ಬೇಕು.