ಮಿಂಚುಪುಡಿಯ ಬೆಳಕಿನಲ್ಲಿ ನ್ಯೂಯಾರ್ಕ್

ದೀಪವಾರಿದ ಕೋಣೆಯಲ್ಲಿಯೂ ಮೊಬೈಲು ಮುಖಗಳನ್ನು ಸೆರೆಹಿಡಿಯುವ ಈ ದಿನಗಳಲ್ಲಿ, ಕತ್ತಲೆಯು ಹಿಂದಿನ ಛಾಯಾಗ್ರಾಹಕರನ್ನು ಎಷ್ಟು ಕಾಡಿತ್ತೆಂದು ಊಹಿಸುವುದು ಕಷ್ಟ. 1860ರ ದಶಕದ ಆರಂಭದಲ್ಲಿ ಪ್ಯಾರಿಸಿನ ನೆಲದಡಿಯ ಅಸ್ಥಿಗುಹೆಗಳನ್ನು ವಿದ್ಯುದ್ದೀಪದ ನೆರವಿನಿಂದ ಚಿತ್ರಿಸಿದ ನಾದಾರ್, ಒಂದು ಚಿತ್ರಕ್ಕೆ ಹದಿನೆಂಟು ನಿಮಿಷಗಳವರೆಗೂ ಕಾಯಬೇಕಾಯಿತು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಮನುಷ್ಯಮಾತ್ರರಿಂದ ಆಗದೆ, ಕೆಲಸಗಾರರ ಸ್ಥಳದಲ್ಲಿ ಬೊಂಬೆಗಳನ್ನು ನಿಲ್ಲಿಸಿದ!

1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮಿಂಚುಪುಡಿಯನ್ನು ಸಿದ್ಧಪಡಿಸಿದರು. ಮೆಗ್ನೀಸಿಯಂ ಪಟ್ಟಿಯನ್ನು ಪ್ರಯೋಗಶಾಲೆಯಲ್ಲಿ ಉರಿಸಿದ್ದು ನಿಮಗೆ ನೆನಪಿರಬಹುದು. ಅದರ ಪುಡಿಗೆ ಆಮ್ಲಜನಕ ಒದಗಿಸುವ ಪೊಟ್ಯಾಸಿಯಂ ಕ್ಲೋರೇಟ್ ಬೆರೆತರೆ ಕ್ಷಣಾರ್ಧದಲ್ಲಿ ಕಣ್ಣು ಕೋರೈಸುವ ಬೆಳಕು, ಜೊತೆಗೆ ದಟ್ಟ ಹೊಗೆ.

ಈ ಸುದ್ದಿಯನ್ನು ಓದಿ ಹಿಗ್ಗಿದವನು ನ್ಯೂಯಾರ್ಕಿನ ಅಪರಾಧ ವರದಿಗಾರ ಜೇಕಬ್ ರೀಸ್. ಡೆನ್ಮಾರ್ಕಿನಿಂದ 1870ರಲ್ಲಿ ಬಂದಿಳಿದು, ಕೆಲಸವಿಲ್ಲದೆ ಅಲೆದು, ಪೊಲೀಸ್ ಠಾಣೆಯ ನಿರಾಶ್ರಿತರ ಕೊಠಡಿಯಲ್ಲಿ ಮಲಗಿ ಎದ್ದವನು ಆತ. ಮಲ್ಬೆರಿ ಬೀದಿಯ ಸುತ್ತಲಿನ ಕಿಟಕಿಯಿಲ್ಲದ ಬಾಡಿಗೆ ಕೋಣೆಗಳ ಬಗ್ಗೆ ಎಷ್ಟು ಬರೆದರೂ ಓದುಗರು ಕದಲಲಿಲ್ಲ. ಕಣ್ಣಿಗೇ ತೋರಿಸಬೇಕೆಂದು ರಾತ್ರಿ ಹೊತ್ತು ಕ್ಯಾಮೆರಾದೊಡನೆ ನುಗ್ಗತೊಡಗಿದ. ಆ ಚಿತ್ರಗಳಲ್ಲಿ ನಿದ್ದೆಯಿಂದ ಬೆಚ್ಚಿದ ಮುಖಗಳಿವೆ. ಅವರ ಒಪ್ಪಿಗೆಯನ್ನು ಆತ ಎಷ್ಟೋ ಸಲ ಕೇಳಲಿಲ್ಲ. ಆತನ ಬರವಣಿಗೆಯಲ್ಲಿ ಚೀನೀಯರ, ಯೆಹೂದಿಗಳ, ಇಟಲಿಯವರ ಬಗ್ಗೆ ಇರುವ ತಾತ್ಸಾರವೂ ನನಗೆ ಮುಜುಗರ ತರುತ್ತದೆ. ಆದರೂ ಆ ಕೋಣೆಗಳನ್ನು ಊರಿನ ಕಣ್ಣೆದುರು ತಂದಿಟ್ಟವನು ಅವನೇ.

ಒಮ್ಮೆ ಐವರು ಕುರುಡ ಭಿಕ್ಷುಕರಿದ್ದ ಅಟ್ಟದ ಕೋಣೆಯಲ್ಲಿ ಪುಡಿ ಹೊತ್ತಿಸಿದಾಗ ಗೋಡೆಗೆ ತೂಗುಬಿದ್ದ ಚಿಂದಿ, ಕಾಗದಗಳಿಗೆ ಬೆಂಕಿ ತಗುಲಿತು. ಹೊರಗೆ ಹೋಗಲು ಮುರುಕು ಮೆಟ್ಟಿಲುಗಳು, ಕಣ್ಣಿದ್ದವನು ತಾನೊಬ್ಬನೇ. ಒಬ್ಬನೇ ಹೆಣಗಿ ಬೆಂಕಿ ಆರಿಸಿದ. ಆಮೇಲೆ ಇದನ್ನು ಕೇಳಿದ ಪೊಲೀಸನು ನಕ್ಕನಂತೆ: ಆ ಮನೆಗೆ ಹಿಂದಿನ ಚಳಿಗಾಲದಲ್ಲಿ ಆರು ಸಲ ಬೆಂಕಿ ಬಿದ್ದಿತ್ತು, ಗೋಡೆಯ ಕೊಳೆಯೇ ಅದನ್ನು ನಂದಿಸಿತ್ತು!

1890ರಲ್ಲಿ 'ಹೌ ದಿ ಅದರ್ ಹಾಫ್ ಲಿವ್ಸ್' ಪುಸ್ತಕ ಹೊರಬಂದಿತು. ಅದನ್ನೋದಿ ರೀಸ್‌ನ ಸ್ನೇಹಿತನಾದ ಥಿಯೋಡರ್ ರೂಸ್‌ವೆಲ್ಟ್, ಪೊಲೀಸ್ ಮಂಡಳಿಯ ಅಧ್ಯಕ್ಷನಾಗಿದ್ದಾಗ, 1896ರಲ್ಲಿ ಠಾಣೆಗಳ ಆ ಕೊಠಡಿಗಳನ್ನು ಮುಚ್ಚಿಸಿದ. ಮಲ್ಬೆರಿ ಬೆಂಡಿನ ಕೇರಿ ನೆಲಸಮವಾಗಿ 1897ರಲ್ಲಿ ಅಲ್ಲಿ ಉದ್ಯಾನ ತೆರೆಯಿತು. 1901ರ ಕಾನೂನು, ಹೊಸದಾಗಿ ಕಟ್ಟುವ ಬಾಡಿಗೆ ಮನೆಗಳ ಪ್ರತಿಯೊಂದು ಕೋಣೆಗೂ ಹೊರಗಾಳಿಗೆ ತೆರೆಯುವ ಕಿಟಕಿಯನ್ನು ಕಡ್ಡಾಯಗೊಳಿಸಿತು.