ಅಗಸೆ ಬೀಜದ ಚರಿತ್ರೆ ಮತ್ತು ಒಂದು ಸುಳ್ಳು ಹದೀಸ್

ಖಾನಾಪುರ ತಾಲೂಕಿನ ಪಾರಿಶ್ವಾಡದಂಥ ಊರುಗಳಲ್ಲಿ ಒಂದೇ ಬೀಜಕ್ಕೆ ಮೂರು ಹೆಸರುಗಳಿವೆ. ಕನ್ನಡದವರು ಅಗಸಿ ಎನ್ನುತ್ತಾರೆ, ಮರಾಠಿಯವರು ಜವಸ ಎನ್ನುತ್ತಾರೆ, ನಮ್ಮ ಮನೆಗಳ ದಖನಿಯಲ್ಲಿ ಅದು ಅಲ್ಸಿ. ಅರಬಿಯಲ್ಲಿ ಗಿಡಕ್ಕೆ ಕತ್ತಾನ್ ಎಂದೂ ಬೀಜಕ್ಕೆ ಬಝ್ರುಲ್ ಕತ್ತಾನ್ ಎಂದೂ ಹೆಸರು. ಊರಿನ ಹೆಬ್ಬಾಗಿಲಿಗೂ ನಮ್ಮಲ್ಲಿ ಅಗಸಿ ಎಂದೇ ಹೇಳುವುದರಿಂದ, ದಕ್ಷಿಣದ ಕಡೆಯಿಂದ ಬಂದವರಿಗೆ ‘ಅಗಸ್ಯಾಗ ನಿಂತಾರ’ ಎಂದರೆ ಕ್ಷಣಕಾಲ ಗೊಂದಲವಾಗುತ್ತದೆ.

ಇತ್ತೀಚೆಗೆ ಈ ಬೀಜದ ಹೆಸರಿನಲ್ಲಿ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಅಗಸೆಯಲ್ಲಿ ಸಕಲ ರೋಗಗಳಿಗೂ ಶಮನವಿದೆಯೆಂದು ಪ್ರವಾದಿ(ಸ) ಹೇಳಿದ್ದಾರೆಂಬುದು ಅದರ ಒಕ್ಕಣೆ. ನನಗೆ ಪರಿಚಿತರಾದ ಹಿರಿಯರೊಬ್ಬರು ಅದನ್ನು ನಂಬಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಟ್ಟು, ತಿಂಗಳುಗಟ್ಟಲೆ ಅಗಸೆ ಪುಡಿಯನ್ನಷ್ಟೇ ಸೇವಿಸಿದರು. ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದಾಗ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: “ಉಸ್ತಾದರೇ, ಹದೀಸ್ ಸುಳ್ಳಾಗುತ್ತದೆಯೇ?” ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಹದೀಸ್ ಸುಳ್ಳಾಗಿರಲಿಲ್ಲ, ಅದು ಹದೀಸೇ ಆಗಿರಲಿಲ್ಲ. ಸಹೀಹ್ ಬುಖಾರಿಯಲ್ಲಿ ಮರಣವೊಂದನ್ನು ಬಿಟ್ಟು ಉಳಿದೆಲ್ಲ ರೋಗಗಳಿಗೆ ಶಮನವೆಂದು ಬಂದಿರುವುದು ಹಬ್ಬತುಸ್ಸೌದಾ, ಅಂದರೆ ಕಪ್ಪು ಬೀಜದ ಕುರಿತು. ಅದನ್ನು ನಮ್ಮವರು ಕಲೋಂಜಿ ಎನ್ನುತ್ತಾರೆ. ಅಗಸೆಯ ಬೀಜ ಕಂದು ಬಣ್ಣದ್ದು, ಚಪ್ಪಟೆ, ನುಣುಪು. ಕಲೋಂಜಿ ಕಡುಗಪ್ಪು, ಮೂಲೆಮೂಲೆಯಾದದ್ದು. ಅವೆರಡೂ ಬೇರೆ ಬೇರೆ ಕುಲದ ಗಿಡಗಳು. ಇನ್ನು ಕೆಲವರು ನರೆಗೂದಲಿಗೆ ಬಣ್ಣ ಹಚ್ಚುವ ಹದೀಸ್‌ಗಳಲ್ಲಿ ಬರುವ ‘ಕತಮ್’ ಎಂಬ ಪದವನ್ನು ‘ಕತ್ತಾನ್’ ಎಂದು ಓದಿಕೊಂಡಿದ್ದಾರೋ ಏನೋ. ಅದು ಬಣ್ಣ ಕೊಡುವ ಇನ್ನೊಂದು ಸಸ್ಯ.

ಹಾಗಾದರೆ ಹದೀಸ್ ಗ್ರಂಥಗಳಲ್ಲಿ ಅಗಸೆ ಇಲ್ಲವೇ? ಇದೆ, ಆದರೆ ಮದ್ದಾಗಿ ಅಲ್ಲ, ಬಟ್ಟೆಯಾಗಿ. ಅಬೂಹುರೈರಾ(ರ)ರ ಕುರಿತು ಅವರ ಶಿಷ್ಯ ಮುಹಮ್ಮದ್ ಇಬ್ನ್ ಸೀರೀನ್ ಹೇಳಿದ ಪ್ರಸಂಗವೊಂದು ಬುಖಾರಿಯಲ್ಲಿದೆ. ಕೆಮ್ಮಣ್ಣಿನ ಬಣ್ಣ ಕೊಟ್ಟ ಎರಡು ಕತ್ತಾನ್ ಬಟ್ಟೆಗಳನ್ನು ತೊಟ್ಟಿದ್ದ ಅವರು ಅದರಲ್ಲೇ ಮೂಗು ಒರೆಸಿಕೊಂಡು, ತಮ್ಮನ್ನೇ ಹಾಸ್ಯ ಮಾಡಿಕೊಂಡರು: ಭಲೇ, ಅಬೂಹುರೈರಾ ಈಗ ಕತ್ತಾನಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾನೆ! ಬಳಿಕ ಹಳೆಯ ದಿನಗಳನ್ನು ನೆನೆದರು. ಪ್ರವಾದಿ(ಸ)ಯವರ ಮಿಂಬರ್ ಮತ್ತು ಹ. ಆಯಿಶಾ(ರ)ರ ಕೋಣೆಯ ನಡುವೆ ತಾವು ಪ್ರಜ್ಞೆ ತಪ್ಪಿ ಬೀಳುತ್ತಿದ್ದುದನ್ನು, ದಾರಿಹೋಕರು ಹುಚ್ಚೆಂದು ಭಾವಿಸಿ ಕುತ್ತಿಗೆಯ ಮೇಲೆ ಕಾಲಿಡುತ್ತಿದ್ದುದನ್ನು. ಅದು ಹುಚ್ಚಾಗಿರಲಿಲ್ಲ, ಬರೀ ಹಸಿವು. ಅಗಸೆ ನಾರಿನ ಬಟ್ಟೆ ಆ ಕಾಲದಲ್ಲಿ ಎಷ್ಟು ಬೆಲೆಯುಳ್ಳದ್ದಾಗಿತ್ತೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ.

ಈ ನಾರಿನ ಚರಿತ್ರೆ ಬಹಳ ಹಳೆಯದು. ಜಾರ್ಜಿಯಾ ದೇಶದ ಜುಜುವಾನಾ ಗುಹೆಯಲ್ಲಿ ಸುಮಾರು 30,000 ವರ್ಷಗಳಷ್ಟು ಹಿಂದಿನ ಕಾಡು ಅಗಸೆಯ ನಾರುಗಳು ದೊರೆತಿರುವುದು 2009ರಲ್ಲಿ ಪ್ರಕಟವಾಯಿತು. ಫಿರ್‌ಔನರ ಕಾಲದಿಂದಲೂ ಈಜಿಪ್ಟ್ ಇದರ ತವರು. ಮುಸ್ಲಿಮ್ ಆಳ್ವಿಕೆಯಲ್ಲಿ ಅಲ್ಲಿನ ತಿನ್ನೀಸ್ ಮತ್ತು ದಿಮ್ಯಾತ್ ಪಟ್ಟಣಗಳ ನೇಕಾರರು ಲೋಕಪ್ರಸಿದ್ಧರಾದರು.

ಬಟ್ಟೆ ಹಳತಾಗಿ ಚಿಂದಿಯಾದ ಮೇಲೆ ನಡೆದ ಸಂಗತಿ ನಮ್ಮಂಥ ಕಿತಾಬು ಓದುವವರಿಗೆ ಇನ್ನೂ ಹತ್ತಿರದ್ದು. ಎಂಟನೆಯ ಶತಮಾನದ ಕೊನೆಯಲ್ಲಿ ಬಗ್ದಾದಿನಲ್ಲಿ ಕಾಗದದ ತಯಾರಿಕೆ ನೆಲೆಯೂರಿತು. ಆ ಹಳೆಯ ಕಾಗದವೆಲ್ಲ ಹತ್ತಿಯದೆಂದು ಯೂರೋಪಿನ ವಿದ್ವಾಂಸರು ಬಹುಕಾಲ ನಂಬಿದ್ದರು. 1887ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರಜ್ಞ ಯೂಲಿಯಸ್ ವೀಸ್ನರ್ ಈಜಿಪ್ಟಿನ ಫಯ್ಯೂಮಿನಿಂದ ಬಂದ ಕಾಗದಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅವು ಮುಖ್ಯವಾಗಿ ಅಗಸೆ ಬಟ್ಟೆಯ ಚಿಂದಿಯಿಂದಾದವೆಂದು ತೋರಿಸಿದರು. ಉಸ್ಮಾನಿ ತುರ್ಕರ ಲಿಪಿಕಾರರಂತೂ ಅಗಸೆ ಎಣ್ಣೆಯ ದೀಪದ ಕಾಡಿಗೆಯಿಂದಲೇ ತಮ್ಮ ಉತ್ತಮ ಮಸಿಯನ್ನು ತಯಾರಿಸುತ್ತಿದ್ದರು. ಕಾಗದವೂ ಅದರದೇ, ಮಸಿಯೂ ಅದರದೇ!

ಮದ್ದಾಗಿ ಅಗಸೆ ನಮಗೆ ಬಂದ ದಾರಿ ವೈದ್ಯರದು, ವಹ್ಯ್‌ನದಲ್ಲ. ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಇದನ್ನು ಮೆಂತ್ಯದ ಗುಣಕ್ಕೆ ಹೋಲಿಸಿದ್ದನು. ಬಾವಿಗೆ ಕಟ್ಟಲು, ಜೇನಿನೊಡನೆ ಕೆಮ್ಮಿಗೆ ಕೊಡಲು ಹೇಳಿದ್ದನು. ಅವನ ಗ್ರಂಥ ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅರಬಿಗೆ ಬಂತು. ಹುನೈನ್ ಇಬ್ನ್ ಇಸ್‌ಹಾಕ್ ಆ ಅನುವಾದವನ್ನು ತಿದ್ದಿದರು. ಮುಂದೆ ಯುನಾನಿ ವೈದ್ಯ ಇದನ್ನು ಉಳಿಸಿಕೊಂಡಿತು. ಇಂದಿಗೂ ಯುನಾನಿ ಔಷಧಿ ಅಂಗಡಿಗಳಲ್ಲಿ ಕೆಮ್ಮಿಗೆಂದು ಲಊಕ್ ಕತಾನ್ ಎಂಬ ಲೇಹ್ಯ ದೊರೆಯುತ್ತದೆ. ಇದನ್ನು ಸುನ್ನತ್ ಎನ್ನದೆ ಮುಬಾಹ್ ಆದ ಚಿಕಿತ್ಸೆ ಎಂದರೆ ಅಗಸೆಯ ಗೌರವಕ್ಕೆ ಏನೂ ಕುಂದಿಲ್ಲ.

ನಮ್ಮ ಸೀಮೆಯ ಅಗಸೆ ನಾರಿಗಲ್ಲ, ಬೀಜಕ್ಕೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಕಾಡು ಮತ್ತು ಭತ್ತ. ಪೂರ್ವಕ್ಕೆ ಬೈಲಹೊಂಗಲದ ಕಡೆ ಸಾಗಿದಂತೆ ಎರೆಹೊಲಗಳು. ಅಂಥ ನೆಲದಲ್ಲಿ ಹಿಂಗಾರಿಗೆ, ಮಣ್ಣಿನ ತೇವದ ಮೇಲೆಯೇ, ಕಡಲೆ ಜೋಳಗಳ ನಡುವೆ ಅಕ್ಕಡಿ ಸಾಲಾಗಿ ಅಗಸೆ ಬೆಳೆಯುತ್ತದೆ. ಬೆಳಿಗ್ಗೆ ಅರಳಿದ ನೀಲಿ ಹೂವಿನ ಎಸಳು ಮಧ್ಯಾಹ್ನಕ್ಕೆ ಉದುರುತ್ತದೆ. ಬೀಜವನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಸೇರಿಸಿ ಕುಟ್ಟಿದರೆ ಅಗಸಿ ಹಿಂಡಿ. ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು ಜೊತೆಗಿರಬೇಕು. ಎಣ್ಣೆ ತೆಗೆದುಳಿದ ಹಿಂಡಿ ಹೈನದ ಎಮ್ಮೆಗೆ. ಚಳಿಗಾಲದಲ್ಲಿ ಬೆಲ್ಲ ಹಾಕಿ ಕಟ್ಟುವ ಅಲ್ಸಿ ಲಡ್ಡು ಮಕ್ಕಳ ಪಾಲು.

ಅಗಸೆಯ ನಿಜವಾದ ಗುಣವೇ ಸಾಕಷ್ಟಿದೆ. 100 ಗ್ರಾಂ ಬೀಜದಲ್ಲಿ ಸುಮಾರು 42 ಗ್ರಾಂ ಕೊಬ್ಬು, 27 ಗ್ರಾಂ ನಾರು, 18 ಗ್ರಾಂ ಪ್ರೋಟೀನ್ ಇವೆ. ಕೊಬ್ಬಿನ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಜಾತಿಯದು. ಮಲಬದ್ಧತೆಗೆ ಅನುಕೂಲ; ಕೊಲೆಸ್ಟರಾಲ್ ಮತ್ತು ರಕ್ತದೊತ್ತಡವನ್ನು ತುಸು ತಗ್ಗಿಸುತ್ತದೆ. ಇಡೀ ಬೀಜ ಬಹುಪಾಲು ಜೀರ್ಣವಾಗದೆ ಹೊರಹೋಗುವುದರಿಂದ ಪುಡಿ ಮಾಡಿಯೇ ತಿನ್ನಬೇಕು; ಪುಡಿ ಬೇಗ ಕಮಟುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಕುಟ್ಟಬೇಕು. ದಿನಕ್ಕೆ ಒಂದೆರಡು ಚಮಚ, ಧಾರಾಳ ನೀರು. ನೀರು ಕಡಿಮೆಯಾದರೆ ಕರುಳಿನಲ್ಲೇ ಕಟ್ಟಿಕೊಳ್ಳುವ ಅಪಾಯವುಂಟು. ಹಸಿ ಬೀಜವನ್ನು ಅತಿಯಾಗಿ ತಿನ್ನಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಬೇಕು. ಬೇರೆ ಮಾತ್ರೆಗಳನ್ನು ಅಗಸೆಯೊಂದಿಗೇ ನುಂಗಬಾರದು. ಬಣ್ಣದ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆ ಬಾಗಿಲಿಗೆ ಬಳಿಯಲು, ಬಾಯಿಗಲ್ಲ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿಯೇ ಹೊತ್ತಿಕೊಳ್ಳಬಹುದು.

ತಮ್ಮ ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳುವವನ ನೆಲೆ ನರಕವೆಂದು ಪ್ರವಾದಿ(ಸ) ಎಚ್ಚರಿಸಿರುವುದು ಅನೇಕ ಸಹಾಬಿಗಳಿಂದ ವರದಿಯಾಗಿದೆ. ಆ ಹಿರಿಯರ ಹಾಸಿಗೆಯ ಪಕ್ಕದಲ್ಲಿ ಕುಳಿತು ನಾನು ಇದನ್ನೂ ಹೇಳಿದೆ, ಅಬೂಹುರೈರಾ(ರ)ರ ಕತ್ತಾನಿನ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮಾತ್ರೆಯ ಡಬ್ಬಿಯನ್ನು ಹತ್ತಿರ ಸರಿಸಲು ಹೇಳಿದರು. ಅಗಸಿ ಹಿಂಡಿಯನ್ನು ಈಗಲೂ ತಿನ್ನುತ್ತಾರೆ, ರೊಟ್ಟಿಯ ಜೊತೆಗೆ.